ಕೇಳುವ ಯಂತ್ರ, ಹೇಳುವ ಯಂತ್ರ: ವಿಪತ್ತಿನ ಮರುದಿನದ ಸುದ್ದಿಗೆ 270 ವರ್ಷಗಳ ಇತಿಹಾಸ

ಚೆನ್ನೈನಲ್ಲಿ ಕೆಲಸ ಮಾಡ್ತಿರೋ, ಅಥವಾ ಹಿಂದೆ ಅಲ್ಲಿದ್ದ ನಮ್ಮ ವೀಕ್ಷಕರಿಗೆ 2015ರ ಡಿಸೆಂಬರ್ 1 ಮರೆಯೋ ದಿನವಲ್ಲ. ತಾಂಬರಂನಲ್ಲಿ ಒಂದೇ ದಿನಕ್ಕೆ 49 ಸೆಂಟಿಮೀಟರ್ ಮಳೆ. ಚೆಂಬರಂಬಾಕ್ಕಂ ಕೆರೆಯಿಂದ ಬಿಟ್ಟ ನೀರು ಅಡ್ಯಾರ್ ನದಿ ಸೇರಿ ಮುಡಿಚೂರು, ಜಾಫರ್‌ಖಾನ್‌ಪೇಟೆ, ಸೈದಾಪೇಟೆ, ಕೋಟ್ಟೂರುಪುರಂ ರಾತ್ರೋರಾತ್ರಿ ಮುಳುಗಿದವು. ಕರೆಂಟಿಲ್ಲ. ಎಷ್ಟೋ ಕಡೆ ಮೊಬೈಲ್ ಸಿಗ್ನಲ್ ಇಲ್ಲ. ಮರುದಿನ ಬೆಳಗ್ಗೆ 'ದಿ ಹಿಂದೂ' ಪತ್ರಿಕೆ ಮನೆಗಳಿಗೆ ಬರಲೇ ಇಲ್ಲ. ಊರಾಚೆಯ ಮುದ್ರಣಾಲಯಕ್ಕೆ ಕೆಲಸಗಾರರು ತಲುಪೋಕೆ ಆಗಿರಲಿಲ್ಲ. 1878ರಲ್ಲಿ ಶುರುವಾದ ಪತ್ರಿಕೆ ಹೀಗೆ ನಿಂತಿದ್ದು ಅದೇ ಮೊದಲು ಅಂತ ಆಗ ಸುದ್ದಿಯಾಯ್ತು.

ಪತ್ರಿಕೆ ಬರಲಿಲ್ಲ, ಆದರೆ ಫಾರ್ವರ್ಡ್‌ಗಳು ಬಂದವು. ಈಸ್ಟ್ ಕೋಸ್ಟ್ ರೋಡ್‌ನ ಕ್ರೊಕೊಡೈಲ್ ಬ್ಯಾಂಕ್‌ನಿಂದ ಮೊಸಳೆಗಳು ತಪ್ಪಿಸಿಕೊಂಡಿವೆ ಅನ್ನೋದು ಆ ಮಳೆಗಾಲದಲ್ಲಿ ಓಡಾಡಿದ ಒಂದು ಸುದ್ದಿ. ನಮ್ಮ ಮೊಸಳೆಗಳೆಲ್ಲ ಒಳಗೇ ಇವೆ ಅಂತ ಸಂಸ್ಥೆಯವರು ಸ್ಪಷ್ಟನೆ ಕೊಡಬೇಕಾಯ್ತು. ಇತ್ತ ಜನರಿಗೆ ಬೇಕಿದ್ದದ್ದು ತೀರಾ ಸಣ್ಣ ಮಾಹಿತಿ. ವೇಳಚೇರಿ ದಾಟಬಹುದಾ? ಪೆರುಂಗುಡಿಯಿಂದ ಹೊರಗೆ ಬರೋಕೆ ದಾರಿ ಇದೆಯಾ? ಇದಕ್ಕೆ ಉತ್ತರ ಗೊತ್ತಿದ್ದ ಮನುಷ್ಯ ಅದೇ ರಸ್ತೆಯಲ್ಲಿ, ಅದೇ ನೀರಲ್ಲಿ ನಿಂತಿದ್ದ. ಅವನನ್ನ ಕೇಳೋರೇ ಇರಲಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್ ಸ್ವಯಂಸೇವಕರು, ಮುಳುಗಿದ ರಸ್ತೆಯನ್ನ ಯಾರು ಬೇಕಾದ್ರೂ ಗುರುತು ಮಾಡಬಹುದಾದ ಒಂದು ನಕ್ಷೆ ಮಾಡಿದ್ರು, ಅದು ತುಂಬಾ ಉಪಯೋಗಕ್ಕೆ ಬಂತು. ಆದರೂ ಆ ನಕ್ಷೆ ಇದೆ ಅಂತ ಗೊತ್ತಿದ್ದವರು ಮಾತ್ರ ಅದನ್ನ ತುಂಬೋಕೆ ಸಾಧ್ಯ ಅಲ್ವಾ?

ಇವತ್ತಿನ ವಿಷಯ ಚಾಟ್‌ಬಾಟ್. ವಿಪತ್ತಿನ ನಂತರ ನಂಬಬಹುದಾದ ಮಾಹಿತಿ ಕಲೆ ಹಾಕೋಕೆ ಚಾಟ್‌ಬಾಟ್‌ಗಳು ಹೇಗೆ ಬಂದವು ಅನ್ನೋದು. ಇದರ ಇತಿಹಾಸ ಹುಡುಕ್ತಾ ಹೋದ್ರೆ ಕಂಪ್ಯೂಟರ್ ಹುಟ್ಟೋಕೂ ಇನ್ನೂರು ವರ್ಷ ಮೊದಲಿನ ಲಿಸ್ಬನ್‌ಗೆ ಹೋಗಿ ನಿಲ್ತೀವಿ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

1755ರ ನವೆಂಬರ್ 1. ಕ್ಯಾಥೊಲಿಕ್ಕರಿಗೆ ಸಕಲ ಸಂತರ ಹಬ್ಬ. ಬೆಳಗ್ಗೆ ಒಂಬತ್ತೂವರೆ ದಾಟಿದ ಹೊತ್ತು, ಲಿಸ್ಬನ್‌ನ ಚರ್ಚುಗಳು ತುಂಬಿದ್ದವು, ದೀಪಗಳು ಉರೀತಿದ್ದವು. ಭೂಕಂಪ ಆಯ್ತು, ಹಿಂದೆಯೇ ಸಮುದ್ರ ಉಕ್ಕಿ ಬಂತು, ಆ ಮೇಲೆ ದಿನಗಟ್ಟಲೆ ಬೆಂಕಿ. ಹಬ್ಬದ ದಿನವೇ ಹೀಗಾಗಿದ್ದರಿಂದ ಯುರೋಪಿನಾದ್ಯಂತ ಒಂದೇ ಚರ್ಚೆ: ಇದು ದೇವರ ಶಿಕ್ಷೆಯಾ? ಗಾಬ್ರಿಯೆಲ್ ಮಾಲಗ್ರಿಡಾ ಅನ್ನೋ ಜೆಸ್ಯೂಟ್ ಪಾದ್ರಿ, ಹೌದು, ಪಾಪದ ಫಲವೇ, ಅಂತ ಕಿರುಪುಸ್ತಕ ಬರೆದು ಹಂಚಿದರು.

ಆಗಿನ ಮಂತ್ರಿ, ಮುಂದೆ ಮಾರ್ಕ್ವಿಸ್ ಆಫ್ ಪೊಂಬಾಲ್ ಅಂತ ಹೆಸರಾದ ಸೆಬಾಸ್ಟಿಯಾಂವ್ ದೆ ಕರ್ವಾಲ್ಯೊ, ಈ ಚರ್ಚೆಯನ್ನ ಬದಿಗಿಟ್ಟು ಇನ್ನೊಂದು ಕೆಲಸ ಮಾಡಿದ. 1756ರ ಆರಂಭದಲ್ಲಿ ಪೋರ್ಚುಗಲ್‌ನ ಊರೂರಿನ ಪಾದ್ರಿಗಳಿಗೆ ಒಂದು ಪ್ರಶ್ನಾವಳಿ ಹೋಯ್ತು. 13 ಪ್ರಶ್ನೆ. ಕಂಪನ ಎಷ್ಟು ಹೊತ್ತಿಗೆ ಶುರುವಾಯ್ತು, ಎಷ್ಟು ಹೊತ್ತು ಇತ್ತು? ಒಂದು ದಿಕ್ಕಿನಿಂದ ಹೆಚ್ಚು ಜೋರಾಗಿ ಬಂತು ಅನ್ನಿಸಿತಾ? ಕಟ್ಟಡಗಳು ಒಂದೇ ಕಡೆಗೆ ವಾಲಿ ಬಿದ್ದವಾ? ಎಷ್ಟು ಮನೆ ಬಿತ್ತು, ಎಷ್ಟು ಜನ ಸತ್ತರು? ಬಾವಿ, ಬುಗ್ಗೆ, ನದಿಗಳಲ್ಲಿ ಏನಾದ್ರೂ ಬದಲಾವಣೆ ಕಂಡಿತಾ? ಸಮುದ್ರ ಮೊದಲು ಏರಿತಾ, ಇಳಿಯಿತಾ? ಮಾಮೂಲಿಗಿಂತ ಎಷ್ಟು ಗೇಣು ಮೇಲೆ ಬಂತು? ಊಟಕ್ಕೆ ಕೊರತೆ ಇದೆಯಾ? ಬೆಂಕಿ ಬಿತ್ತಾ?

ಪ್ರಶ್ನೆಗಳನ್ನ ಇನ್ನೊಮ್ಮೆ ನೋಡಿ. ಭೂಕಂಪ ಯಾಕಾಯ್ತು ಅಂತ ಎಲ್ಲೂ ಕೇಳಿಲ್ಲ. ಪಕ್ಕದೂರಲ್ಲಿ ಏನಾಯ್ತಂತೆ ಅಂತಲೂ ಕೇಳಿಲ್ಲ. ನಿನ್ನ ಊರು, ನೀನು ಕಂಡದ್ದು, ಅಷ್ಟೇ. ಪಾಪ-ಪುಣ್ಯದ ಬಗ್ಗೆ ಪುಟಗಟ್ಟಲೆ ಬರೆಯಬಲ್ಲ ಪಾದ್ರಿಗೂ "ಸಮುದ್ರ ಎಷ್ಟು ಗೇಣು ಏರಿತು" ಅಂತ ಕೇಳಿದ್ರೆ ಒಂದು ಸಂಖ್ಯೆ ಬರೀಲೇಬೇಕು. ಪ್ರಶ್ನೆ ಸಣ್ಣದಾದಷ್ಟೂ ಸುಳ್ಳಿಗೆ ಜಾಗ ಕಡಿಮೆ. ಆ ಉತ್ತರಗಳಲ್ಲಿ ಬಹಳಷ್ಟು ಇಂದಿಗೂ ಲಿಸ್ಬನ್‌ನ ತೋರೆ ದೊ ತೊಂಬು ಪತ್ರಾಗಾರದಲ್ಲಿವೆ, ಆ ಭೂಕಂಪ ಮತ್ತು ಸುನಾಮಿಯನ್ನ ಅಧ್ಯಯನ ಮಾಡೋ ವಿಜ್ಞಾನಿಗಳು ಈಗಲೂ ಅದನ್ನ ಬಳಸ್ತಾರೆ. (ಪೊಂಬಾಲ್ ಏನೂ ದೇವತಾ ಮನುಷ್ಯ ಅಲ್ಲ. ಮಾಲಗ್ರಿಡಾರನ್ನ ಮೊದಲು ಊರು ಬಿಡಿಸಿದ, 1761ರಲ್ಲಿ ಅವರಿಗೆ ಮರಣದಂಡನೆಯೇ ಆಯ್ತು. ಅದು ಬೇರೆ ದಿನದ ಕಥೆ.)

ನಮ್ಮ ದೇಶದಲ್ಲೂ ಇದೇ ದಾರಿ ಹಿಡಿದವರಿದ್ದಾರೆ. 1897ರ ಜೂನ್ 12ರ ಅಸ್ಸಾಂ ಭೂಕಂಪದಲ್ಲಿ ಶಿಲ್ಲಾಂಗ್‌ನ ಕಲ್ಲು ಕಟ್ಟಡಗಳೆಲ್ಲ ನೆಲ ಕಚ್ಚಿದವು. ಜಿಯಾಲಜಿಕಲ್ ಸರ್ವೆಯ ಆರ್. ಡಿ. ಓಲ್ಡ್‌ಹ್ಯಾಮ್ ಕಂಡವರ ವರದಿಗಳನ್ನ ಕಲೆಹಾಕಿ 1899ರಲ್ಲಿ ದೊಡ್ಡ ಗ್ರಂಥವನ್ನೇ ತಂದರು. ಆ ಕಾಲದಲ್ಲಿ "ಎಷ್ಟು ಗಂಟೆಗೆ?" ಅನ್ನೋ ಪ್ರಶ್ನೆಯೇ ಒಂದು ತಲೆನೋವು, ಯಾಕಂದ್ರೆ ದೇಶಕ್ಕೆಲ್ಲ ಒಂದೇ ಸಮಯ ಬಂದದ್ದು 1906ರಲ್ಲಿ. ಅದಕ್ಕೆ ಮುಂಚೆ ಊರಿಗೊಂದು ಗಡಿಯಾರ, ರೈಲಿಗೆ ಮದ್ರಾಸ್ ಟೈಮ್.

ಈಗ ಕೇಳೋರು ಇಲ್ಲದಿದ್ರೆ ಏನಾಗತ್ತೆ ಅನ್ನೋದಕ್ಕೆ ಬರೋಣ. 1923ರ ಸೆಪ್ಟೆಂಬರ್ 1, ಮಧ್ಯಾಹ್ನಕ್ಕೆ ಎರಡು ನಿಮಿಷ ಬಾಕಿ. ಟೋಕಿಯೊ ಮತ್ತು ಯೊಕೊಹಾಮಾ ಪ್ರದೇಶದಲ್ಲಿ ಕಾಂಟೋ ಮಹಾಭೂಕಂಪ. ಊಟದ ಹೊತ್ತು, ಒಲೆಗಳು ಉರೀತಿದ್ದವು, ಮರದ ಮನೆಗಳು ಹತ್ತಿಕೊಂಡವು. ಒಂದು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಟೋಕಿಯೊದ ಪತ್ರಿಕಾ ಕಚೇರಿಗಳಲ್ಲಿ ಹೆಚ್ಚಿನವು ಸುಟ್ಟುಹೋದವು. ಟೆಲಿಫೋನ್, ತಂತಿ ಕಡಿದುಹೋಯ್ತು. ಜಪಾನ್‌ನಲ್ಲಿ ರೇಡಿಯೊ ಪ್ರಸಾರ ಶುರುವಾಗಿದ್ದೇ 1925ರಲ್ಲಿ. ಅಂದ್ರೆ ಲಕ್ಷಾಂತರ ಜನ ಬಯಲಲ್ಲಿ ಕೂತಿದ್ದಾರೆ, ಯಾರಿಗೂ ಏನೂ ಗೊತ್ತಿಲ್ಲ. ಆ ಖಾಲಿ ಜಾಗಕ್ಕೆ ಒಂದು ಮಾತು ಬಂದು ಕೂತಿತು: ಕೊರಿಯಾದವರು ಬಾವಿಗೆ ವಿಷ ಹಾಕ್ತಿದ್ದಾರೆ, ಬೆಂಕಿ ಇಡ್ತಿದ್ದಾರೆ.

ಕೊರಿಯಾ ಆಗ ಜಪಾನಿನ ವಸಾಹತು. ಟೋಕಿಯೊದಲ್ಲಿದ್ದ ಕೊರಿಯನ್ನರಲ್ಲಿ ಬಹುಪಾಲು ಕೂಲಿಗೆ, ಓದಿಗೆ ಅಂತ ಬಂದ ವಲಸಿಗರು. ಇನ್ನೂ ಕೆಟ್ಟದ್ದೇನು ಗೊತ್ತಾ? ಗೃಹ ಇಲಾಖೆಯೇ ಸೆಪ್ಟೆಂಬರ್ 3ರಂದು ಫುನಾಬಾಶಿಯ ನೌಕಾ ವೈರ್‌ಲೆಸ್ ಕೇಂದ್ರದಿಂದ ಈ ವದಂತಿಯನ್ನ ನಿಜ ಅನ್ನೋ ಹಾಗೆ ಪ್ರಾಂತ್ಯಗಳಿಗೆ ಕಳಿಸಿತು. 'ಅಧಿಕೃತ ಮೂಲ'ದ ಮಾತು ಅಂದ್ರೆ ಸಾಕು ಅಂತ ಅಂದುಕೊಳ್ಳೋರಿಗೆ ನಾನು ಯಾವಾಗಲೂ ಈ ತಂತಿಯ ಉದಾಹರಣೆ ಕೊಡ್ತೀನಿ. ಊರೂರಲ್ಲಿ ಕಾವಲು ಪಡೆಗಳು ಎದ್ದವು. ಬೀದಿಗೆ ಅಡ್ಡಗಟ್ಟಿ ಹೋಗಿ ಬರೋರನ್ನ ನಿಲ್ಲಿಸಿ "15 ಯೆನ್ 50 ಸೆನ್" ಅನ್ನೋದನ್ನ ಜಪಾನಿ ಭಾಷೆಯಲ್ಲಿ ಹೇಳಿಸ್ತಿದ್ರು. ಜೂಗೊಯೆನ್ ಗೊಜಿಸ್ಸೆನ್. ಕೊರಿಯನ್ ನಾಲಿಗೆಗೆ ಆ ಉಚ್ಚಾರ ಕಷ್ಟ. ತಡವರಿಸಿದರೆ ಕೊಲೆ. ಸತ್ತವರ ಲೆಕ್ಕ ಆಗಿನ ಸರ್ಕಾರದ ದಾಖಲೆಯಲ್ಲಿ ಕೆಲವು ನೂರು, ಸಾಮಾನ್ಯವಾಗಿ ಉಲ್ಲೇಖಿಸೋ ಅಂದಾಜು 6,000.

ಚಿಬಾ ಪ್ರಾಂತ್ಯದ ಫುಕುದಾ ಹಳ್ಳಿಯಲ್ಲಿ ನಡೆದದ್ದು ನಮ್ಮಂಥವರು ಗಮನಿಸಬೇಕಾದ ಘಟನೆ. ಕಗಾವಾ ಪ್ರಾಂತ್ಯದಿಂದ ಔಷಧಿ ಮಾರೋಕೆ ಬಂದಿದ್ದ 15 ಜನರ ತಂಡ. ಅವರು ಜಪಾನೀಯರೇ. ಆದರೆ ಅವರಾಡಿದ ಮಾತಿನ ಧಾಟಿ ಆ ಕಡೆಯವರಿಗೆ ಹೊಸದು. ಒಂಬತ್ತು ಜನರನ್ನ ಕೊಂದರು, ಅವರಲ್ಲಿ ಮಕ್ಕಳಿದ್ದರು, ಒಬ್ಬ ಬಸುರಿ ಇದ್ದಳು. ಲಿಸ್ಬನ್‌ನಲ್ಲೂ ಪ್ರಶ್ನೆ ಕೇಳಿದರು, ಇಲ್ಲೂ ಕೇಳಿದರು. ಅಲ್ಲಿ ಕೇಳಿದ್ದು ನೀನು ಏನು ಕಂಡೆ ಅಂತ. ಇಲ್ಲಿ ಕೇಳಿದ್ದು ನೀನು ಯಾರು ಅಂತ.

ಇದೆಲ್ಲ ನೂರು ವರ್ಷ ಹಳೇದು ಅಂತೀರಾ? 2012ರ ಆಗಸ್ಟ್‌ನಲ್ಲಿ ಬೆಂಗಳೂರಿನ ರೈಲ್ವೆ ಸ್ಟೇಷನ್‌ನಲ್ಲಿ ಗುವಾಹಟಿ ಕಡೆಯ ಪ್ಲಾಟ್‌ಫಾರ್ಮ್ ತುಂಬಿ ತುಳುಕಿದ್ದು ನೆನಪಿರಬೇಕು. ಈಶಾನ್ಯದವರ ಮೇಲೆ ದಾಳಿ ಆಗತ್ತೆ ಅನ್ನೋ ಎಸ್ಸೆಮ್ಮೆಸ್‌ಗಳಿಗೆ ಹೆದರಿ ಸಾವಿರಾರು ಜನ ಊರು ಬಿಟ್ಟರು, ವಿಶೇಷ ರೈಲು ಓಡಿಸಬೇಕಾಯ್ತು. ಸರ್ಕಾರ ಎರಡು ವಾರ ಬಲ್ಕ್ ಎಸ್ಸೆಮ್ಮೆಸ್ ನಿಲ್ಲಿಸಿತು, ಒಬ್ಬರಿಗೆ ದಿನಕ್ಕೆ ಐದೇ ಮೆಸೇಜ್ ಅಂತ ಮಾಡಿತು. ಬಾಯಿ ಮುಚ್ಚಿಸೋದು ಒಂದು ಉಪಾಯ, ಸರಿ. ಆದರೆ ಅದೇ ದಾರಿಯಲ್ಲಿ ನಿಜ ಸುದ್ದಿಯೂ ನಿಲ್ಲತ್ತೆ.

ಮೆಸೇಜನ್ನ ನಿಲ್ಲಿಸೋ ಬದಲು ತಮ್ಮ ಕಡೆಗೇ ಕರೆಸಿಕೊಂಡರೆ ಏನಾಗಬಹುದು ಅನ್ನೋದನ್ನ ಅದಕ್ಕೆ ಎರಡು ವರ್ಷ ಮುಂಚೆಯೇ ಹೈಟಿ ತೋರಿಸಿತ್ತು. 2010ರ ಜನವರಿ 12ರ ಭೂಕಂಪದ ಕೆಲವೇ ದಿನಗಳಲ್ಲಿ 4636 ಅನ್ನೋ ಉಚಿತ ಎಸ್ಸೆಮ್ಮೆಸ್ ಸಂಖ್ಯೆ ಶುರುವಾಯ್ತು. ಬರ್ತಿದ್ದ ಸಂದೇಶಗಳು ಹೈಟಿಯ ಕ್ರಿಯೋಲ್ ಭಾಷೆಯಲ್ಲಿ, ರಕ್ಷಣೆಗೆ ಬಂದ ಸೈನಿಕರಿಗೆ ಗೊತ್ತಿದ್ದದ್ದು ಇಂಗ್ಲಿಷ್. ಸೇತುವೆಯಾದವರು ಅಮೆರಿಕ, ಕೆನಡಾ, ಇನ್ನೂ ಹಲವು ದೇಶಗಳಲ್ಲಿದ್ದ ಹೈಟಿಯನ್ ವಲಸಿಗರು. ಆನ್‌ಲೈನ್‌ನಲ್ಲಿ ಕೂತು, ಒಂದೊಂದು ಸಂದೇಶವನ್ನೂ ಅನುವಾದಿಸಿ, ಆ ಓಣಿ ಎಲ್ಲಿದೆ ಅಂತ ನಕ್ಷೆಯಲ್ಲಿ ತೋರಿಸಿದ್ರು. "ಚರ್ಚಿನ ಹಿಂದಿನ ಇಳಿಜಾರು" ಅಂದ್ರೆ ಯಾವುದು ಅಂತ ಅಲ್ಲಿ ಹುಟ್ಟಿ ಬೆಳೆದವರಿಗೆ ತಾನೇ ಗೊತ್ತು? ನಕ್ಷೆಗೆ ಬಳಸಿದ ತಂತ್ರಾಂಶಗಳಲ್ಲಿ ಒಂದು ಉಷಾಹಿದಿ. 2008ರ ಚುನಾವಣಾ ಹಿಂಸಾಚಾರದ ಹೊತ್ತಿಗೆ ಕೀನ್ಯಾದಲ್ಲಿ ಹುಟ್ಟಿದ್ದು. ಸ್ವಾಹಿಲಿಯಲ್ಲಿ ಆ ಪದಕ್ಕೆ ಸಾಕ್ಷ್ಯ ಅಂತ ಅರ್ಥ.

ಆದರೆ 4636ರಲ್ಲೂ ಒಂದು ಕೊರತೆ ಇತ್ತು. ಜನ ತಮಗೆ ತೋಚಿದ್ದು ಬರೀತಿದ್ರು. ವಿಳಾಸ ಇಲ್ಲ, ಹೊತ್ತು ಇಲ್ಲ. ತಿರುಗಿ ಕೇಳೋಕೆ ಅಷ್ಟು ಕೈಗಳಿರಲಿಲ್ಲ. ತಿರುಗಿ ಕೇಳೋ ಕೆಲಸವನ್ನ ಯಂತ್ರಕ್ಕೆ ಒಪ್ಪಿಸಿದ್ದು ಜಕಾರ್ತಾದಲ್ಲಿ.

ಜಕಾರ್ತಾಗೆ ಪ್ರವಾಹ ಹೊಸದಲ್ಲ. ಹದಿಮೂರು ನದಿಗಳು ಹಾದು ಹೋಗೋ ಊರು, ವರ್ಷವರ್ಷ ನೆಲ ಕುಸೀತಿರೋ ಊರು. ಜೊತೆಗೆ 2012ರ ಸುಮಾರಿಗೆ ಜಗತ್ತಿನಲ್ಲೇ ಅತಿ ಹೆಚ್ಚು ಟ್ವೀಟ್ ಮಾಡೋ ನಗರ ಅಂತ ಹೆಸರು. ಆಸ್ಟ್ರೇಲಿಯಾದ ವೊಲ್ಲಂಗಾಂಗ್ ವಿಶ್ವವಿದ್ಯಾಲಯದಲ್ಲಿದ್ದ ತೋಮಸ್ ಹೋಲ್ಡರ್‌ನೆಸ್, ಎಟಿಯೆನ್ ಟರ್ಪಿನ್ ಇಬ್ಬರೂ ಜಕಾರ್ತಾದ ವಿಪತ್ತು ನಿರ್ವಹಣಾ ಇಲಾಖೆಯ ಜೊತೆ ಸೇರಿ 2014ರ ಡಿಸೆಂಬರ್‌ನಲ್ಲಿ 'ಪೆಟಾ ಜಕಾರ್ತಾ' ಶುರು ಮಾಡಿದ್ರು. ಪೆಟಾ ಅಂದ್ರೆ ನಕ್ಷೆ.

ಸುಲಭದ ದಾರಿ ಒಂದಿತ್ತು. ಇಂಡೊನೇಷ್ಯಾ ಭಾಷೆಯಲ್ಲಿ ಪ್ರವಾಹಕ್ಕೆ 'ಬಂಜಿರ್' ಅಂತಾರೆ. ಬಂಜಿರ್ ಅಂತ ಇರೋ ಟ್ವೀಟ್‌ಗಳನ್ನೆಲ್ಲ ಬಾಚಿ ನಕ್ಷೆಗೆ ಸುರಿಯೋದು. ನಮ್ಮಲ್ಲಿ ಬಹಳ ಜನ ಎಂಜಿನಿಯರ್‌ಗಳು ಹಾಗೇ ಮಾಡ್ತಿದ್ವಿ ಅನ್ಸತ್ತೆ. ತೊಂದರೆ ಏನಪ್ಪಾ ಅಂದ್ರೆ, ಅಂಗಡಿಯವನು ರಿಯಾಯಿತಿಗಳ ಬಂಜಿರ್ ಅಂತ ಬರೀತಾನೆ, ನಾವು ಆಫರ್‌ಗಳ ಮಹಾಪೂರ ಅನ್ನೋ ಹಾಗೆ. ಟಿವಿ ನೋಡ್ತಾ ಇನ್ನೊಂದು ಊರಲ್ಲಿ ಕೂತವನೂ "ಅಯ್ಯೋ ಬಂಜಿರ್" ಅಂತಾನೆ. ಅದಕ್ಕೇ ಇವರು ಬೇರೆ ದಾರಿ ಹಿಡಿದ್ರು. ಆ ಪದ ಕಂಡ ಕೂಡಲೇ ಬಾಟ್ ಆ ಮನುಷ್ಯನಿಗೇ ಒಂದು ಉತ್ತರ ಕಳಿಸತ್ತೆ: ನೀವಿರೋ ಜಾಗದಲ್ಲಿ ನೀರು ಬಂದಿದೆಯಾ? ಬಂದಿದ್ರೆ ಲೊಕೇಶನ್ ಆನ್ ಮಾಡಿ ವರದಿ ಕಳಿಸಿ. ಅವನು ಹೂಂ ಅಂದ್ರೆ ಮಾತ್ರ ನಕ್ಷೆಯಲ್ಲಿ ಒಂದು ಚುಕ್ಕೆ. ಟಿವಿ ನೋಡ್ತಿದ್ದವನು ಸುಮ್ಮನಾಗ್ತಾನೆ, ಅಂಗಡಿಯವನು ನಕ್ಕು ಮುಂದೆ ಹೋಗ್ತಾನೆ. ಸಾಕ್ಷಿ ಉಳೀತಾನೆ.

2017ರ ಹೊತ್ತಿಗೆ ಇದೇ ಯೋಜನೆ 'ಪೆಟಾ ಬೆಂಚಾನಾ', ಅಂದ್ರೆ ವಿಪತ್ತಿನ ನಕ್ಷೆ, ಅಂತ ಬೆಳೀತು. ಎಂಐಟಿಯ ಅರ್ಬನ್ ರಿಸ್ಕ್ ಲ್ಯಾಬ್ ಜೊತೆಗೂಡಿತು. ಈಗ ಬಾಟ್ ಒಂದು ಸಲ ಮಾತ್ರ ಬಳಸಬಹುದಾದ ಲಿಂಕ್ ಕೊಡತ್ತೆ. ಅದನ್ನ ಒತ್ತಿದ್ರೆ ಜಾಗ, ನೀರಿನ ಮಟ್ಟ, ಒಂದು ಫೋಟೊ, ಒಂದೆರಡು ಸಾಲು. ಮುಗೀತು. ಬೀದಿಯ ನೀರಿಗೆ ಇಲಾಖೆಯವರು ಬಣ್ಣ ಕೊಡ್ತಾರೆ: 10ರಿಂದ 70 ಸೆಂಟಿಮೀಟರ್, 71ರಿಂದ 150, ಅದಕ್ಕೂ ಮೇಲೆ. ಹಳೆಯ ವರದಿಗಳು ಹೊತ್ತು ಮೀರಿದ ಮೇಲೆ ನಕ್ಷೆಯಿಂದ ತಾವಾಗೇ ಇಳೀತವೆ. ನನಗೆ ಇದರಲ್ಲಿ ಅತ್ಯಂತ ಜಾಣತನದ ಭಾಗ ಅನ್ನಿಸೋದು ಇದೇ. ವಾಟ್ಸಾಪ್ ಫಾರ್ವರ್ಡ್‌ಗೆ ಸಾವೇ ಇಲ್ಲ. ರಕ್ಷಿಸಿ ಮನೆಗೆ ಬಿಟ್ಟ ಮೇಲೂ "ತುರ್ತು, ಗರ್ಭಿಣಿ ಮಹಡಿ ಮೇಲಿದ್ದಾರೆ" ಅನ್ನೋ ಮೆಸೇಜ್ ವಾರಗಟ್ಟಲೆ ಓಡಾಡತ್ತೆ. 2020ರ ಜನವರಿ 1ರಂದು ಜಕಾರ್ತಾದ ಹಲೀಮ್ ವಿಮಾನ ನಿಲ್ದಾಣದಲ್ಲಿ ಒಂದು ದಿನಕ್ಕೆ 377 ಮಿಲಿಮೀಟರ್ ಮಳೆ ಬಿದ್ದು 60ಕ್ಕೂ ಹೆಚ್ಚು ಜನ ಸತ್ತಾಗ, ದಾರಿ ಹುಡುಕೋಕೆ ಜನ ಈ ನಕ್ಷೆಗೇ ಬಂದ್ರು.

ಇದೇ ಎಂಐಟಿ ತಂಡ 2017ರಲ್ಲಿ 'ರಿಸ್ಕ್‌ಮ್ಯಾಪ್' ಅನ್ನೋ ಹೆಸರಲ್ಲಿ ಚೆನ್ನೈಗೂ ಬಂತು. ಪ್ರಾಯೋಗಿಕವಾಗಿ, ಹಿಂಗಾರು ಮಳೆಯ ಕಾಲಕ್ಕೆ. 2015ರಲ್ಲಿ ಸೈದಾಪೇಟೆಯ ನೀರಲ್ಲಿ ನಿಂತಿದ್ದವನನ್ನ ಯಾರೂ ಕೇಳಿರಲಿಲ್ಲ ಅಂದೆನಲ್ಲ, ಆ ಪ್ರಶ್ನೆ ಎರಡು ವರ್ಷ ತಡವಾಗಿ ಊರಿಗೆ ಬಂತು.

ಜಪಾನ್ 1923ನ್ನ ಮರೆತಿಲ್ಲ. 2016ರ ಏಪ್ರಿಲ್ 14ರ ರಾತ್ರಿ ಕುಮಾಮೊಟೊದಲ್ಲಿ ಭೂಕಂಪ ಆದಾಗ, ಮೃಗಾಲಯದಿಂದ ಸಿಂಹ ತಪ್ಪಿಸಿಕೊಂಡಿದೆ ಅಂತ ಒಂದು ಫೋಟೊ ಟ್ವೀಟ್ ಆಯ್ತು. ಚೆನ್ನೈನ ಮೊಸಳೆಯ ತಮ್ಮ ಅನ್ನಿ. ಆ ಫೋಟೊ ಇದ್ದದ್ದು ದಕ್ಷಿಣ ಆಫ್ರಿಕಾದ್ದು, ಸಿನಿಮಾ ಶೂಟಿಂಗ್‌ನದ್ದು. ಮೃಗಾಲಯಕ್ಕೆ ನೂರಕ್ಕೂ ಹೆಚ್ಚು ಫೋನ್ ಬಂತು, ಟ್ವೀಟ್ ಮಾಡಿದ ಯುವಕನನ್ನ ಜುಲೈನಲ್ಲಿ ಬಂಧಿಸಿದ್ರು. ಅಲ್ಲಿನ ಎನ್‌ಐಸಿಟಿ ಅನ್ನೋ ಸರ್ಕಾರಿ ಸಂಶೋಧನಾ ಸಂಸ್ಥೆ 2015ರಿಂದಲೇ 'ಡಿಸಾನಾ' ಅನ್ನೋ ವ್ಯವಸ್ಥೆಯನ್ನ ಸಾರ್ವಜನಿಕರಿಗೆ ಕೊಟ್ಟಿತ್ತು. ಒಂದು ಪೋಸ್ಟ್ ಕಂಡರೆ ಅದಕ್ಕೆ ವಿರುದ್ಧವಾದ ಪೋಸ್ಟ್‌ಗಳನ್ನೂ ಅದು ಪಕ್ಕದಲ್ಲೇ ಇಡ್ತಿತ್ತು. ಆಮೇಲೆ ಬಂದ 'ಸೋಕ್ಡಾ' ಇನ್ನೊಂದು ಹೆಜ್ಜೆ ಮುಂದೆ. ಲೈನ್ ಆ್ಯಪ್‌ನಲ್ಲಿ ಬಾಟ್ ಮಾತಾಡ್ತಾ, ನೀವೆಲ್ಲಿದ್ದೀರಿ, ಏನು ಕಾಣ್ತಿದೆ ಅಂತ ಕೇಳಿ ನಕ್ಷೆ ತುಂಬತ್ತೆ.

ಇದರ ಪ್ರಯೋಗ ನಡೆದದ್ದು ಕೋಬೆ ನಗರದಲ್ಲಿ. 1995ರ ಜನವರಿ 17ರ ಮುಂಜಾನೆ 5.46ಕ್ಕೆ 6,434 ಜನರನ್ನ ಬಲಿ ತಗೊಂಡ ಭೂಕಂಪ ಆದದ್ದು ಆ ಪ್ರದೇಶದಲ್ಲೇ. ಅಂದು ಪ್ರಧಾನಿ ಮುರಾಯಾಮಾಗೆ ಸುದ್ದಿ ಗೊತ್ತಾದದ್ದು ಟಿವಿ ನೋಡಿ. ಅತಿ ಹೆಚ್ಚು ಪೆಟ್ಟು ತಿಂದ ಕಡೆಯಿಂದಲೇ ಮೊದಲಿಗೆ ವರದಿ ಬರೋದಿಲ್ಲ, ವರದಿ ಮಾಡೋನೇ ಅವಶೇಷದಡಿ ಇರ್ತಾನೆ. ಬಾಟ್ ನಕ್ಷೆಗಳನ್ನ ಓದೋವಾಗಲೂ ಇದು ನೆನಪಿರಬೇಕು. ಚುಕ್ಕೆ ಇಲ್ಲದ ಜಾಗದಲ್ಲಿ ನೀರಿಲ್ಲ ಅಂತ ಅರ್ಥವಲ್ಲ. ಅಲ್ಲಿ ಫೋನ್ ಇಲ್ಲದಿರಬಹುದು, ಚಾರ್ಜ್ ಮುಗಿದಿರಬಹುದು, ಟ್ವಿಟರ್ ಅಂದ್ರೇನು ಅಂತ ಗೊತ್ತಿಲ್ಲದ ಅಜ್ಜಿ ಇರಬಹುದು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗ ಹೊರ ಊರುಗಳಲ್ಲಿದ್ದ ಎಷ್ಟೋ ಮಕ್ಕಳಿಗೆ ಮಕ್ಕಂದೂರು, ಜೋಡುಪಾಲದ ಕಡೆಯ ಸ್ವಿಚ್ಡ್ ಆಫ್ ಫೋನುಗಳೇ ಸುದ್ದಿಯಾಗಿದ್ದವು.

ಈಗ ನೀವು ಕೇಳೋ ಪ್ರಶ್ನೆಗೆ ಬರ್ತೀನಿ. ಚಾಟ್‌ಜಿಪಿಟಿ ಇದೆಯಲ್ಲ, ಅದನ್ನೇ ಕೇಳಿದ್ರಾಯ್ತು ಅಂತ ಕಾಮೆಂಟ್ ಬಂದೇ ಬರತ್ತೆ. ಒಂದು ಸಂಗತಿ ಹೇಳ್ತೀನಿ. 1966ರಲ್ಲಿ ಎಂಐಟಿಯ ಜೋಸೆಫ್ ವೈಜನ್‌ಬಾಮ್ ಪ್ರಕಟಿಸಿದ 'ಎಲೈಜಾ'ವನ್ನ ಮೊದಲ ಚಾಟ್‌ಬಾಟ್ ಅಂತ ಕರೀತಾರೆ. ಅದರ ಅತಿ ಪ್ರಸಿದ್ಧ ರೂಪ ಮನೋವೈದ್ಯನ ಹಾಗೆ ನೀವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಮಾಡ್ತಿತ್ತು. ಅದಕ್ಕೇನೂ ಗೊತ್ತಿರಲಿಲ್ಲ, ಹಾಗಾಗಿ ಏನೂ ಹೇಳ್ತಿರಲಿಲ್ಲ. ಅರವತ್ತು ವರ್ಷದಲ್ಲಿ ಬಾಟ್ ಕೇಳೋದು ಬಿಟ್ಟು ಹೇಳೋದು ಕಲಿತಿದೆ. ಕೋಡ್ ರಿವ್ಯೂಗೆ, ಈಮೇಲ್‌ಗೆ ಅದು ಚೆನ್ನಾಗೇ ಇದೆ. ಆದರೆ ಈ ಗಂಟೆಯಲ್ಲಿ ವೇಳಚೇರಿಯ ರಸ್ತೆಯಲ್ಲಿ ನೀರಿದೆಯಾ ಅನ್ನೋದು ಯಾವ ತರಬೇತಿ ದತ್ತಾಂಶದಲ್ಲೂ ಇರೋಕೆ ಸಾಧ್ಯವಿಲ್ಲ. ಇಂಟರ್ನೆಟ್ ಹುಡುಕಿ ಹೇಳಿದ್ರೂ ಅದಕ್ಕೆ ಸಿಗೋದು ಅದೇ ಫಾರ್ವರ್ಡ್‌ಗಳು. ಒಬ್ಬನ ಮಾತನ್ನ ನೂರು ಜನ ಹಂಚಿದ್ರೆ ಅದಕ್ಕೆ ನೂರು ಸಾಕ್ಷಿಗಳ ಹಾಗೆ ಕಾಣಬಹುದು. 2024ರಲ್ಲಿ ಅಮೆರಿಕದ ಹೆಲೀನ್ ಚಂಡಮಾರುತದ ನಂತರ, ದೋಣಿಯಲ್ಲಿ ನಾಯಿಮರಿ ಅಪ್ಪಿಕೊಂಡು ಅಳ್ತಿರೋ ಹುಡುಗಿಯ ಚಿತ್ರ ಎಲ್ಲೆಲ್ಲೂ ಓಡಾಡಿತು. ಆ ಹುಡುಗಿ ಇರಲೇ ಇಲ್ಲ, ಚಿತ್ರ ಎಐ ಮಾಡಿದ್ದು.

ಹಾಗಂತ ಹೊಸ ಭಾಷಾ ಮಾದರಿಗಳು ಇಲ್ಲಿ ನಿರುಪಯೋಗಿ ಅಂತ ನಾನು ಒಪ್ಪಲ್ಲ. ಅವುಗಳ ನಿಜವಾದ ಲಾಭ ಕೇಳಿಸಿಕೊಳ್ಳೋದರಲ್ಲಿದೆ. ಪೆಟಾ ಬೆಂಚಾನಾದಲ್ಲಿ ನೀರಿನ ಮಟ್ಟ ಹೇಳೋಕೆ ಒಬ್ಬ ಮನುಷ್ಯನ ಚಿತ್ರ ಇರತ್ತೆ, ನೀರು ಎಲ್ಲಿಯವರೆಗೆ ಅಂತ ಜಾರಿಸಿ ತೋರಿಸಬೇಕು. ಯಾಕಂದ್ರೆ ಪ್ರವಾಹದಲ್ಲಿ ಟೇಪು ಹಿಡಿದು ಅಳೆಯೋರು ಯಾರೂ ಇಲ್ಲ. ಪೊಂಬಾಲ್ ಕೇಳಿದ್ದೂ ಗೇಣಿನ ಲೆಕ್ಕದಲ್ಲೇ. ನಮ್ಮಲ್ಲೂ ಹಾಗೇ ತಾನೇ ಹೇಳೋದು: ಪಾದ ಮುಳುಗೋಷ್ಟು, ಮೊಣಕಾಲುದ್ದ, ಸೊಂಟದವರೆಗೆ, ಎದೆಮಟ್ಟ, ಆಳುದ್ದ. ವೇಳಚೇರಿಯ ಪಿಜಿಯೊಂದರಲ್ಲಿರೋ ಹಾವೇರಿಯ ಹುಡುಗ ರಾತ್ರಿ ಎರಡು ಗಂಟೆಗೆ, ತಮಿಳು ಸರಿಯಾಗಿ ಬಾರದೆ, ಇಂಗ್ಲಿಷ್ ಟೈಪ್ ಮಾಡೋ ವ್ಯವಧಾನವಿಲ್ಲದೆ, "ಕೆಳಗ ಸೊಂಟದ ಮಟ ನೀರ್ ಬಂದೈತ್ರಿ" ಅಂತ ಒಂದು ವಾಯ್ಸ್ ಮೆಸೇಜ್ ಕಳಿಸ್ತಾನೆ ಅಂತ ಇಟ್ಕೊಳ್ಳಿ. ಅದನ್ನ ಬಾಟ್ 71ರಿಂದ 150 ಅನ್ನೋ ಬಣ್ಣದಲ್ಲಿ, ಸರಿಯಾದ ಓಣಿಯಲ್ಲಿ, ಆ ಗಂಟೆಯ ಹೆಸರಲ್ಲಿ ಚೆನ್ನೈ ಕಾರ್ಪೊರೇಷನ್‌ನ ಕಂಟ್ರೋಲ್ ರೂಮಿನ ಪರದೆ ಮೇಲೆ ಇಡಬೇಕು. ಆಮೇಲೆ ತಿರುಗಿ, ಧಾರವಾಡದ ಕಡೆಯ ಕನ್ನಡದಲ್ಲೇ, ಮೇಲಿನ ಮಹಡಿಯಲ್ಲಿ ಇನ್ನೂ ಎಷ್ಟು ಮಂದಿ ಇದ್ದೀರಿ ಅಂತ ಕೇಳಬೇಕು.